ಮೂರು ಹುಳ, ಎಂಟು ಜನ

ನನ್ನ ಹೆಂಡತಿ ಭಾಗ್ಯ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಜಾರಿ ಬಿದ್ದು ಬಲ ಮುಂಗೈ ಮುರಿದುಕೊಂಡಳು. ರಾಮನಗರದ ಡಾಕ್ಟರು ಮೊಣಕೈವರೆಗೆ ಬೆಳ್ಳನೆಯ ಪ್ಲಾಸ್ಟರಿನ ಕಟ್ಟು ಹಾಕಿ ಕಳಿಸಿದಾಗ ಆ ಕಟ್ಟನ್ನು ನೋಡಿ ನನಗೆ ಒಂದು ಡಜನ್ ಅನಾಹುತಗಳು ಹೊಳೆದವು: ಮೂಳೆ ಸೊಟ್ಟ ಕೂಡಬಹುದು, ಒಳಗೆ ಇರುವೆ ಹೋಗಬಹುದು, ಬಿಚ್ಚುವಾಗ ಗರಗಸ ತಪ್ಪಬಹುದು, ಇತ್ಯಾದಿ. ಅವಳಿಗೆ ಹೊಳೆದದ್ದು ಒಂದೇ. ಬರೆಯುವುದಕ್ಕೆ ಇಷ್ಟು ಅನುಕೂಲವಾದ ಜಾಗ ಮನೆಯಲ್ಲಿ ಬೇರೆ ಇರಲಿಲ್ಲ. ನಾನು ಉತ್ತರ ಪತ್ರಿಕೆ ತಿದ್ದುವ ಕೆಂಪು ಪೆನ್ನನ್ನು ಎಡಗೈಯಲ್ಲಿ ಹಿಡಿದು, ಒಂದನೇ ತರಗತಿಯ ಮಗುವಿನಂತೆ ನಾಲಿಗೆ ಹೊರಚಾಚಿ, ಆ ಕಟ್ಟಿನ ಮೇಲೆ ಅವಳು ರೇಷ್ಮೆಹುಳುಗಳ ದಿನಚರಿ ಬರೆದಿಟ್ಟುಕೊಳ್ಳತೊಡಗಿದಳು. ಸೊಪ್ಪು ಹಾಕಿದ ಹೊತ್ತು, ಸುಣ್ಣದ ಪುಡಿ ಎರಚಿದ ದಿನ, ಔಷಧಿ ಸಿಂಪಡಿಸದ ತೋಟ ಯಾರದು, ಎಲ್ಲವೂ ಅಲ್ಲಿತ್ತು. ಶಾಯಿ ಚರ್ಮಕ್ಕೆ ಇಳಿದು ನಂಜಾದರೆ ಎಂದು ನಾನು ಕೇಳಿದ್ದಕ್ಕೆ, "ಇಳೀಲಿ ಬುಡ್ರೀ, ಅಚ್ಚೆ ಹಾಕುಸ್ಕೊಂಡಂಗಾಯ್ತದೆ" ಅಂದಳು.

ನಿಮ್ಮಲ್ಲಿಯೂ ನನ್ನ ಪಂಗಡದವರು ಇದ್ದೇ ಇರುತ್ತಾರೆ, ಆದ್ದರಿಂದ ಹೆಚ್ಚು ವಿವರಿಸುವುದಿಲ್ಲ. ಬಸ್ಸು ಹೊರಡುವ ಮುಕ್ಕಾಲು ಗಂಟೆ ಮೊದಲೇ ನಿಲ್ದಾಣದಲ್ಲಿ ನಿಂತು, ಅದು ಬಂದಾಗ ಇದು ನಮ್ಮ ಬಸ್ಸೇ ಹೌದೋ ಎಂದು ಮೂವರನ್ನು ಕೇಳಿ ಹತ್ತಿ, ಹತ್ತಿದ ಮೇಲೆ ಮನೆಯ ಬೀಗವನ್ನು ನೆನೆಯುವವನು ನಾನು. ದಿನವಿಡೀ ಏನನ್ನಾದರೂ ಚಿಂತಿಸುತ್ತಲೇ ಇರುವ ನನ್ನನ್ನು ಊರಿನವರು ಚಿಂತಕ ಎಂದು ಕರೆಯಬಹುದಿತ್ತು. ಆದರೆ ಚಿಂತಕರಿಗೆ ಶಾಲು ಹೊದಿಸುತ್ತಾರೆ, ಚಿಂತೆ ಮಾಡುವವರಿಗೆ ಮಾತ್ರೆ ಬರೆದುಕೊಡುತ್ತಾರೆ. ಕೂಟಗಲ್ಲಿನ ಮಗ್ಗುಲಿನ ನಮ್ಮ ಸಣ್ಣ ಊರಿನಿಂದ ಚನ್ನಪಟ್ಟಣದ ಶಾಲೆಗೆ ಹೋಗಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬರುವ ನನಗೆ, ಸಂಭವನೀಯತೆಯ ಪಾಠವೆಂದರೆ ತುಂಬ ಇಷ್ಟ. ನಾಣ್ಯ ಚಿಮ್ಮಿದರೆ ಶಿರವೋ ಪುಚ್ಛವೋ ಬೀಳುತ್ತದೆಂದು ಪುಸ್ತಕ ಹೇಳುತ್ತದೆ. ಚರಂಡಿಗೂ ಬೀಳಬಹುದೆಂದು ನಾನು ಸೇರಿಸುತ್ತೇನೆ.

ಇಂಥ ನನ್ನನ್ನು ಇಲಾಖೆಯವರು ಆ ವರ್ಷವೇ ಹುಡುಕಿ ಹಿಡಿದು ಎರಡು ದಿನದ ಶಿಬಿರಕ್ಕೆ ಕಳಿಸಿದರು. ವಿಷಯ, ಸಕಾರಾತ್ಮಕ ಮನೋಭಾವ. ಕೋಟು ಹಾಕಿದ ತರುಣರೊಬ್ಬರು, ಬದುಕಿನಲ್ಲಿ ಈವರೆಗೆ ಒಂದು ಬಸ್ಸನ್ನೂ ತಪ್ಪಿಸಿಕೊಂಡಿರದ ಮುಖದವರು, ನಮ್ಮನ್ನೆಲ್ಲ ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ದಿನಕ್ಕೆ ಮೂರು ಒಳ್ಳೆಯ ಸಂಗತಿಗಳನ್ನು ಬರೆದಿಡಬೇಕೆಂದು ಒಂದೊಂದು ನೋಟುಬುಕ್ಕನ್ನೂ ಕೊಟ್ಟರು. ನಾನು ಶ್ರದ್ಧೆಯಿಂದಲೇ ಬರೆದೆ. "ಇಂದು ಬಸ್ಸು ತಪ್ಪಲಿಲ್ಲ, ಆದರೆ ತಪ್ಪುವುದರಲ್ಲಿತ್ತು. ಹಲ್ಲುನೋವು ಇಲ್ಲ, ಸದ್ಯಕ್ಕೆ. ಮಧ್ಯಾಹ್ನದ ಸಾರು ಚೆನ್ನಾಗಿತ್ತು, ಇದೇ ಸಾರು ನಾಳೆಗೂ ಇದ್ದರೆ ಹುಳಿಯಾಗುವ ಸಂಭವವಿದೆ." ಒಂದು ವಾರದ ಮೇಲೆ ಭಾಗ್ಯ ಅದನ್ನು ಓದಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಆ ಶಿಬಿರದಿಂದ ಆದ ಪರಿಣಾಮ ಅದೊಂದೇ ಎಂದು ಆಗ ನಾನು ತಿಳಿದಿದ್ದೆ. ಶಿಬಿರದ ಇನ್ನೊಂದು ಮಾತು, "ಸಕಾರಾತ್ಮಕ ವ್ಯಕ್ತಿ ಕಾಯುತ್ತ ಕೂರುವುದಿಲ್ಲ, ಮುನ್ನುಗ್ಗುತ್ತಾನೆ" ಎಂಬುದು, ನನ್ನೊಳಗೆ ಎಲ್ಲೋ ಹೊಂಚು ಹಾಕಿ ಕೂತಿತ್ತೆಂಬುದು ಗೊತ್ತಾಗಲು ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿನವರೆಗೆ ಕಾಯಬೇಕಾಯಿತು.

ಆ ಹುಳುಗಳ ವಿಷಯಕ್ಕೆ ಬರುತ್ತೇನೆ. ಕೈ ಮುರಿದ ದಿನ ಮನೆಯ ಹಿಂದಿನ ಹುಳುವಿನ ಮನೆಯಲ್ಲಿ ನೂರು ಮೊಟ್ಟೆಯ ಬೆಳೆ ಎಳೆಯದಾಗಿತ್ತು. ನೂರು ಮೊಟ್ಟೆ ಎಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆ, ಹುಳುವಿನ ಲೆಕ್ಕದಲ್ಲಿ ನಲವತ್ತು ಸಾವಿರದ ಆಸುಪಾಸು ಬಾಯಿ. ಒಂಟಿಗೈಯಲ್ಲಿ ಇದಾಗುವ ಮಾತಲ್ಲ, ಯಾರಿಗಾದರೂ ಕೊಟ್ಟುಬಿಡು ಎಂದು ಊರೆಲ್ಲ ಹೇಳಿತು. ಊರಿಗಿಂತ ಮೊದಲು ನಾನು ಹೇಳಿದೆ.

"ನನ್ ಕೈ ಮುರ್ದೈತೆ ಅಂತ ಹುಳಕ್ಕೇನ್ ಗೊತ್ತು? ಅವು ತಿಂತವೆ, ನಾನ್ ಹಾಕ್ತೀನಿ" ಅಂದಳು ಭಾಗ್ಯ. ಹಾಗೆಯೇ ಮಾಡಿದಳು. ಎಡಗೈಯಲ್ಲಿ ಕುಡುಗೋಲು ಹಿಡಿಯುವುದನ್ನು ಎರಡು ದಿನದಲ್ಲಿ ಕಲಿತಳು. ಸೊಪ್ಪಿನ ಹೊರೆಯನ್ನು ನಾನು ಹೊತ್ತು ತಂದೆ, ದಾರಿಯುದ್ದಕ್ಕೂ ಬೆನ್ನುನೋವಿನ ಭವಿಷ್ಯವನ್ನು ನುಡಿಯುತ್ತ. ಹುಳುಗಳು ನಾಲ್ಕು ಸಲ ಮೇವು ಬಿಟ್ಟು ತಲೆಯೆತ್ತಿ ಕೂತು ಪೊರೆ ಕಳಚಿದವು. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ, ಪ್ರತಿ ಜ್ವರಕ್ಕೂ ನಾನು ಮನೆಯ ಥರ್ಮಾಮೀಟರು ಹುಡುಕುತ್ತಿದ್ದೆ. ನಾಲ್ಕನೆಯದರಿಂದ ಎದ್ದ ಮೇಲೆ ಅವಕ್ಕೆ ಬಂದ ಹಸಿವನ್ನು ಏನೆಂದು ಹೇಳಲಿ! ಹುಳುಗಳನ್ನಿಟ್ಟ ನಾಲ್ಕು ಹಂತದ ಸ್ಟ್ಯಾಂಡಿನ ಮುಂದೆ ನಿಂತರೆ, ಉತ್ತರ ಗೊತ್ತಿರುವ ಮಕ್ಕಳೇ ತುಂಬಿದ ಪರೀಕ್ಷಾ ಕೊಠಡಿಯಲ್ಲಿ ಎಲ್ಲರೂ ಒಟ್ಟಿಗೆ ಬರೆಯುತ್ತಿರುವಂತೆ ಸದ್ದು. ಅಂಥ ಕೊಠಡಿಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಆ ಬೆಳೆ ಕೈಗೆ ಬಂದರೆ ಭಾಗ್ಯ ಗೆದ್ದಂತೆ, ಹಾಳಾದರೆ ಊರು ಗೆದ್ದಂತೆ. ನಾನು ಯಾರ ಕಡೆಗಿದ್ದೆ ಎಂದು ಕೇಳಿದರೆ, ಮನಸ್ಸು ಅವಳ ಕಡೆಗೆ, ನಾಲಿಗೆ ಊರಿನ ಕಡೆಗೆ.

ಇಡೀ ಬೆಳೆ ನಿಂತಿರುವುದು ಕೊನೆಯ ಅರ್ಧ ದಿನದ ಮೇಲೆ. ಹುಳು ಹಣ್ಣಾಯಿತೆಂದರೆ ಮೈ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತದೆ, ಸೊಪ್ಪಿಗೆ ಬೆನ್ನು ಹಾಕಿ, ತಲೆಯೆತ್ತಿ, ಮನೆ ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಕೈಯಲ್ಲಿ ಆರಿಸಿ, ಗೂಡು ಕಟ್ಟಲೆಂದು ಸುರುಳಿಯಾಗಿ ಹೆಣೆದ ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ತಿಂದುಳಿದ ಕಡ್ಡಿ, ಎಲೆ, ಕಸದ ನಡುವೆಯೇ ನೂಲು ಬಿಟ್ಟು ಗೂಡನ್ನು ಕೆಡಿಸಿಕೊಳ್ಳುತ್ತದೆ. ನಲವತ್ತು ಸಾವಿರ ಹುಳುವನ್ನು ಅರ್ಧ ದಿನದಲ್ಲಿ ಆರಿಸುವುದು ಒಂದು ಮನೆಯ ಕೈಲಾಗದ ಕೆಲಸವಾದ್ದರಿಂದ ನಮ್ಮಲ್ಲಿ ಮುಯ್ಯಿ ಇದೆ. ನಿಮ್ಮ ಹುಳ ಹಣ್ಣಾದ ದಿನ ನಮ್ಮ ಮನೆಯಿಂದೊಬ್ಬರು, ನಮ್ಮದು ಹಣ್ಣಾದ ದಿನ ನಿಮ್ಮ ಮನೆಯಿಂದೊಬ್ಬರು. ಭಾಗ್ಯ ಹಿಂದಿನ ತಿಂಗಳುಗಳಲ್ಲಿ ಎಂಟು ಮನೆಗೆ ಹೋಗಿ ಆರಿಸಿ ಬಂದಿದ್ದಳು. ಅಂದರೆ ನಮಗೆ ಎಂಟು ಜನ ಬರಬೇಕಾಗಿತ್ತು.

ಸೋಮವಾರ ಅವಳು ಕೈ ತೋರಿಸಲು ತಮ್ಮನ ಬೈಕಿನಲ್ಲಿ ರಾಮನಗರಕ್ಕೆ ಹೊರಟಳು. ನಾನು ರಜೆ ಹಾಕಿ ಮನೆಯಲ್ಲಿ ಉಳಿದೆ. ಹೊರಡುವ ಮುನ್ನ ಕಟ್ಟಿನ ಮೇಲಿನ ಒಂದು ಸಾಲನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಓದಿ" ಅಂದಳು.

"ಹಣ್ಣಾಗದು ಮಂಗಳವಾರ, ಮಧ್ಯಾನದ ಮ್ಯಾಕೆ" ಎಂದು ಓದಿದೆ.

"ಇವತ್ತು ಯಾವ್ ವಾರ?"

"ಸೋಮವಾರ."

"ಹಂಗಾದ್ರೆ ಇವತ್ತು ಸೊಪ್ಪು ಹಾಕದು, ಬಾಗ್ಲು ಮುಚ್ಚದು, ಅಷ್ಟೇ. ಯಾರ್ ಮನೆ ಬಾಗ್ಲಿಗೂ ಹೋಗ್‌ಬ್ಯಾಡಿ."

ಬೈಕಿನ ಸದ್ದು ಕರಗುವ ಮೊದಲೇ ನಾನು ಹುಳುವಿನ ಮನೆಯಲ್ಲಿದ್ದೆ. ಸೋಂಕು ಒಳಗೆ ಬಾರದಿರಲೆಂದು ಬಾಗಿಲಲ್ಲಿ ಹಾಸಿದ್ದ ಸುಣ್ಣದ ಪುಡಿಯನ್ನು ತುಳಿದು ಒಳಗೆ ಹೋದೆ, ನೋಡಿದೆ, ಹೊರಗೆ ಬಂದೆ. ಹತ್ತು ನಿಮಿಷದ ಮೇಲೆ ಮತ್ತೆ ಹೋದೆ. ಆರನೆಯ ಸಲವೋ ಏಳನೆಯ ಸಲವೋ, ಎರಡನೇ ಹಂತದ ಮೂಲೆಯಲ್ಲಿ ಒಂದು ಹುಳು ಸೊಪ್ಪು ಬಿಟ್ಟು ತಲೆಯೆತ್ತಿತ್ತು. ಮೈ ಜೇನಿನ ಬಣ್ಣ. ಪಕ್ಕದಲ್ಲಿ ಇನ್ನೊಂದು. ಕೆಳಗೆ ಮತ್ತೊಂದು. ನಲವತ್ತು ಸಾವಿರದಲ್ಲಿ ಮೂರು ಅವಸರಗೇಡಿಗಳು ಇರುವುದು ಸಹಜವೆಂದು ಸಂಭವನೀಯತೆಯ ಪಾಠವನ್ನು ವರ್ಷವರ್ಷವೂ ಮಾಡುವ ಮೇಷ್ಟರಿಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ಭಾಗ್ಯಳಿಗೆ ಫೋನು ಮಾಡಿದೆ. ಅವಳ ಫೋನು ಅಡುಗೆಮನೆಯ ರಾಗಿ ಡಬ್ಬಿಯ ಹಿಂದಿನಿಂದ ಹಾಡಿತು. ನಾನು ಹತ್ತು ಸಲ ಮಾಡುತ್ತೇನೆಂದು ತಿಳಿದೇ ಬಿಟ್ಟುಹೋಗಿದ್ದಳೆಂದು ಆಮೇಲೆ ಗೊತ್ತಾಯಿತು. ಮತ್ತೆ ಒಳಗೆ ಹೋಗಿ ನೋಡಿದೆ. ಮೂರೂ ತಲೆಗಳು ನನ್ನ ಕಡೆಗೇ ತೂಗುತ್ತಿದ್ದವು. ಆಗ, ಓದುಗರೇ, ನನ್ನ ಜೀವಮಾನದ ಭಯವೂ ಎರಡು ದಿನದ ಶಿಬಿರವೂ ಕೈ ಕೈ ಹಿಡಿದವು. ಭಯ "ಎಲ್ಲ ಹೋಯಿತು" ಅಂದಿತು, ಶಿಬಿರ "ಮುನ್ನುಗ್ಗು" ಅಂದಿತು. ನಾನು ಮುನ್ನುಗ್ಗಿದೆ.

ಎಂಟೂ ಮನೆಗೆ ಓಡಿದೆ. ಕಾಲಲ್ಲಿ ಸುಣ್ಣ ಮೆತ್ತಿದ್ದರಿಂದ ಊರ ಬೀದಿಯುದ್ದಕ್ಕೂ ಬಿಳಿಯ ಹೆಜ್ಜೆಗಳು ಒಂದೊಂದು ಬಾಗಿಲಿಗೂ ಹೋಗಿ ಬಂದು ಮಾಡಿದ್ದವಂತೆ. ಅರ್ಧ ಗಂಟೆಯಲ್ಲಿ ಎಂಟು ಹೆಂಗಸರು ಸೆರಗು ಬಿಗಿದು ಬಂದರು. ಮುಂದಾಳು ಕೆಂಪಮ್ಮ, ನನಗೆ ವರಸೆಯಲ್ಲಿ ದೊಡ್ಡವ್ವ, ನನ್ನನ್ನು ತೊಟ್ಟಿಲಿನಿಂದ ಬಲ್ಲವಳು. ಆದ್ದರಿಂದ ನನ್ನ ಹುದ್ದೆಗೆ ಗೌರವ ಕೊಟ್ಟರೂ ನನಗೆ ಕೊಡದವಳು. ಅವಳು ಸ್ಟ್ಯಾಂಡಿನ ನಾಲ್ಕೂ ಹಂತವನ್ನು ಈ ತುದಿಯಿಂದ ಆ ತುದಿಗೆ ನೋಡಿ, ಮೂರು ಹುಳುವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು.

"ಏನ್ಲಾ ಮೇಷ್ಟ್ರೇ, ಮೂರ್ ಹುಳ ಹಣ್ಣಾಗವೆ, ಎಂಟ್ ಜನ ಬಂದಿದ್ದೀವಿ. ಹೆಂಗ್ಲಾ ಹಂಚ್ಕೊಳನ? ನೀನೇ ಲೆಕ್ಕ ಹೇಳ್ಕೊಡು."

"ಒಬ್ರು ಬಾಲ ಹಿಡ್ಕೊಳಿ, ಒಬ್ರು ತಲೆ ಹಿಡ್ಕೊಳಿ ದೊಡ್ಡವ್ವ" ಅಂದವಳು ಮಂಜುಳ, ಬಿಡದಿಯ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು. ಎಲ್ಲರೂ ನಗುವಾಗ ಅವಳೂ ನಕ್ಕಳು, ನಗು ನಿಂತ ಮೇಲೆ ಮೆಲ್ಲಗೆ, "ಮೇಷ್ಟ್ರಣ್ಣ, ನಾನು ಬಸ್ ಹತ್ತಿದ್ದೋಳು ಇಳ್ದು ಬಂದೆ. ಇವತ್ತಿನ್ ರಜ ಹೋಯ್ತು, ನಾಳೆ ಕೊಡಾಕಿಲ್ಲ ಅವ್ರು" ಅಂದಳು. ಆ ಮಾತು ನನಗೆ ಉಳಿದೆಲ್ಲರ ನಗುವಿಗಿಂತ ಹೆಚ್ಚು ನಾಟಿತು.

ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದೆಂದು ಉಪ್ಪಿಟ್ಟು ಮಾಡಿದೆ. ಅದರ ಗಂಟುಗಳನ್ನು ಕೆಂಪಮ್ಮ ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗಿಟ್ಟು, "ಹುಳ ಆರ್ಸಕ್ಕೆ ಇಲ್ದಿದ್ರೂ ಇದಾದ್ರೂ ಐತಲ್ಲ" ಅಂದಳು. ಕೈ ತೊಳೆದು ಹೊರಡುವಾಗ ಮುಖ್ಯವಾದ ಮಾತನ್ನೂ ಹೇಳಿಹೋದಳು. "ಕರ್ದೆ, ಬಂದೋ. ಸೆರಗ್ ಕಟ್ಟಿ ಬಾಗ್ಲು ದಾಟಿದ್ ಮ್ಯಾಲೆ ಮುಯ್ಯಿ ತೀರ್ತು ಕಣ್ಲಾ. ನಾಳೆ ನಮ್ ಹುಳ ಜ್ವರದಿಂದ ಏಳ್ತವೆ, ನಾನ್ ಸೊಪ್ಪು ಕುಯ್ಬೇಕು." ಅದು ಕಟುಕತನವಲ್ಲ, ಕ್ರಮ. ಮುಯ್ಯಿಯ ಲೆಕ್ಕ ಬಂದ ಹೆಜ್ಜೆಗೆ, ಆರಿಸಿದ ಹುಳುವಿಗಲ್ಲ. ಹಾಗಿಲ್ಲದಿದ್ದರೆ ನನ್ನಂಥವರು ದಿನಕ್ಕೊಂದು ಸಲ ಊರನ್ನು ಎಬ್ಬಿಸಿಬಿಟ್ಟಾರು.

ಮಧ್ಯಾಹ್ನ ಭಾಗ್ಯ ಬಂದಳು. ಬೀದಿಯ ಬಿಳಿಯ ಹೆಜ್ಜೆಗಳೇ ಅವಳಿಗೆ ಮುಕ್ಕಾಲು ಕತೆ ಹೇಳಿದ್ದವು, ಉಳಿದ ಕಾಲನ್ನು ನಾನು ಹೇಳಿದೆ. ಬೈಯುತ್ತಾಳೆಂದು ತಲೆತಗ್ಗಿಸಿ ನಿಂತೆ. ಅವಳು ಜಗುಲಿಯ ಮೇಲೆ ಕೂತು, ಕಟ್ಟಿನ ಕೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಒಂದು ಲೋಟ ನೀರು ಪೂರ್ತಿ ಕುಡಿದಳು. ಆ ಲೋಟ ಖಾಲಿಯಾಗುವಷ್ಟು ಹೊತ್ತು, ಅಷ್ಟೇ ಹೊತ್ತು, ಅವಳ ಕಣ್ಣಲ್ಲಿ ನೀರಿತ್ತು. ಒಂಟಿಗೈಯ ಇಪ್ಪತ್ತೈದು ದಿನಗಳು ಅದರಲ್ಲಿದ್ದವು. ಲೋಟ ಕೆಳಗಿಟ್ಟು, "ಉಪ್ಪಿಟ್ಟು ಉಳ್ದೈತಾ?" ಅಂದಳು.

"ಭಾಗ್ಯ, ನಾಳೆ ಏನ್ ಮಾಡೋದು?"

"ನಾಳೆ ಹುಳ ಆರ್ಸದು. ನನ್ ಒಂದ್ ಕೈ, ನಿಮ್ ಎರಡ್ ಕೈ, ಮೂರಾಯ್ತು. ಮೂರ್ ಹುಳಕ್ಕೆ ಎಂಟ್ ಜನ ಕರ್ದೋರು, ಮೂರ್ ಕೈಯಲ್ಲಿ ನಲ್ವತ್ ಸಾವ್ರ ಆರ್ಸಿ ತೋರ್ಸಿ ಮತ್ತೆ!"

ಮಂಗಳವಾರ, ಕಟ್ಟಿನ ಮೇಲೆ ಬರೆದಿದ್ದಂತೆಯೇ, ಮಧ್ಯಾಹ್ನ ಕಳೆಯುತ್ತಲೇ ನಾಲ್ಕೂ ಹಂತ ಒಟ್ಟಿಗೆ ತಲೆಯೆತ್ತಿತು. ಪರೀಕ್ಷಾ ಕೊಠಡಿಯ ಸದ್ದು ನಿಂತುಹೋಗಿತ್ತು. ಭಾಗ್ಯ ಮೇಲಿನ ಹಂತದ ಬಲತುದಿಯಿಂದ ಶುರುಮಾಡಿದಳು, ನಾನು ಎಡತುದಿಯಿಂದ. ಇಲ್ಲೊಂದು ವಿಚಿತ್ರ ನಡೆಯಿತು. ನನ್ನ ಕೈ ಅವಳ ಕೈಗಿಂತ ಬೇಗ ಓಡುತ್ತಿತ್ತು! ಯಾವುದು ಹಣ್ಣು, ಯಾವುದು ಕಾಯಿ ಎಂದು ಒಂದು ಕ್ಷಣವೂ ಅನುಮಾನಿಸದೆ ಬೆರಳು ತಾನಾಗಿ ಹೋಗಿ ಎತ್ತುತ್ತಿತ್ತು. ಎರಡು ದಿನ ಹತ್ತು ನಿಮಿಷಕ್ಕೊಮ್ಮೆ ಭಯದಿಂದ ದಿಟ್ಟಿಸಿ ದಿಟ್ಟಿಸಿ, ಆ ಹುಳುಗಳ ಮೈಬಣ್ಣವೆಲ್ಲ ನನಗೆ ಬಾಯಿಪಾಠವಾಗಿಬಿಟ್ಟಿತ್ತು. ಪ್ರೀತಿಯಿಂದ ನೋಡಿದರೂ ಅಷ್ಟು ನೋಡುತ್ತಿರಲಿಲ್ಲವೇನೋ.

ಇನ್ನೂ ವಿಚಿತ್ರವಾದದ್ದು ನನ್ನ ತಲೆಯ ಒಳಗಿನ ಮೌನ. ಎರಡನೇ ಹಂತದ ಮಧ್ಯಕ್ಕೆ ಬಂದಾಗ, ಸುಮಾರು ಎರಡು ಗಂಟೆ ಹೊತ್ತಿನಿಂದ ನಾನು ಯಾವುದಕ್ಕೂ ಹೆದರಿಲ್ಲವೆಂಬುದು ನೆನಪಾಗಿ ನನಗೆ ಗಾಬರಿಯಾಯಿತು. ಯೋಚಿಸಿದರೆ ಕಾರಣ ಸರಳ. ಹೆದರಿದ್ದು ಬಂದೇಬಿಟ್ಟಿತ್ತು, ಇನ್ನು ಹೆದರಲು ಏನೂ ಉಳಿದಿರಲಿಲ್ಲ, ಆರಿಸಲು ಹುಳು ಮಾತ್ರ ಇತ್ತು. ನನ್ನ ಹೆಂಡತಿಯನ್ನು ನಾನು ಇಷ್ಟು ವರ್ಷ ಸದಾ ಒಳ್ಳೆಯದನ್ನೇ ಎದುರುನೋಡುವವಳು ಎಂದುಕೊಂಡಿದ್ದೆ. ಅವಳು ಏನನ್ನೂ ಎದುರುನೋಡುವುದೇ ಇಲ್ಲ! ಕೈ ಮುರಿಯಿತೋ, ಎಡಗೈ ಎಲ್ಲಿದೆ ನೋಡುತ್ತಾಳೆ. ಮುಯ್ಯಿ ಹೋಯಿತೋ, ಯಾವ ತುದಿಯಿಂದ ಶುರುಮಾಡಲಿ ಎನ್ನುತ್ತಾಳೆ. ನಾನು ಆಗಬಹುದಾದ ಕೆಡುಕಿನ ಜೊತೆ ಆರು ತಿಂಗಳು ಮೊದಲೇ ಸಂಸಾರ ಹೂಡುತ್ತೇನೆ. ಅವಳು ಆದ ಕೆಡುಕಿಗೆ ಒಂದು ಲೋಟ ನೀರಿನಷ್ಟು ಹೊತ್ತು ಕೊಡುತ್ತಾಳೆ. ಕೋಟಿನ ತರುಣರು ಎರಡು ದಿನ ಚಪ್ಪಾಳೆ ಹೊಡೆಸಿ ಹೇಳಲಾರದೆ ಹೋದದ್ದು ಬಹುಶಃ ಇದೇ ಇರಬೇಕು. ಆದರೆ ಅವರ ಮೇಲೂ ತಪ್ಪು ಹೊರಿಸಲಾರೆ, ಲೋಟ ನೀರನ್ನು ಶಿಬಿರದಲ್ಲಿ ಪಾಠ ಮಾಡುವುದು ಹೇಗೆ?

ಎಲ್ಲವೂ ಸುಖಾಂತವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ದೀಪ ಹಚ್ಚುವ ಹೊತ್ತಿಗೆ ಮೂರು ಹಂತ ಮುಗಿದಿತ್ತು, ನಾಲ್ಕನೆಯದು ಕೈತಪ್ಪುತ್ತಿತ್ತು. ಗಾರ್ಮೆಂಟ್ಸ್ ಬಸ್ಸಿನಿಂದ ಇಳಿದ ಮಂಜುಳ ಮನೆಗೂ ಹೋಗದೆ, ಊಟದ ಡಬ್ಬಿಯನ್ನು ನಮ್ಮ ಜಗುಲಿಯ ಮೇಲಿಟ್ಟು ಒಳಗೆ ಬಂದಳು. "ನೆನ್ನೆ ಹುಳ ಸಿಗ್ನಿಲ್ಲ ಮೇಷ್ಟ್ರಣ್ಣ, ಇವತ್ತಾದ್ರೂ ಒಂದೆರಡು ಕೊಡಿ" ಎಂದು ಕೂತಳು. ಅವಳ ಬೆರಳಿನ ವೇಗ ಹೊಲಿಗೆ ಯಂತ್ರದ್ದು. ಆದರೂ ಆ ಹಂತದ ಅರ್ಧದಷ್ಟು ಹುಳು ಕಡ್ಡಿ-ಕಸಕ್ಕೇ ನೂಲು ಬಿಟ್ಟಿತ್ತು. ಎಂಟರಲ್ಲಿ ಒಂದು ಪಾಲು, ಗಣಿತದ ಮೇಷ್ಟರ ಅವಸರದ ಬೆಲೆ. ಭಾಗ್ಯ ಆ ಕಡೆ ಒಮ್ಮೆ ನೋಡಿ, "ಹೋಗಿದ್ ಹೋಯ್ತು, ಈ ಚಂದ್ರಿಕೆ ಹಿಡೀರಿ" ಅಂದಳು. ಐದನೆಯ ದಿನ ಗೂಡು ಬಿಡಿಸಿದಾಗ ಉಳಿದ ಏಳು ಪಾಲು ಗಟ್ಟಿಯಾಗಿ, ಬೆರಳಲ್ಲಿ ಒತ್ತಿದರೆ ಬಗ್ಗದಂತೆ ಬಂದಿತ್ತು. ಕೆಂಪಮ್ಮನೇ ಬಂದು ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಏನೂ ಅನ್ನದೆ ಇಟ್ಟುಹೋದಳು. ದೊಡ್ಡವ್ವ ಏನೂ ಅನ್ನದಿದ್ದರೆ ಅದು ನಮ್ಮೂರಲ್ಲಿ ಪ್ರಶಸ್ತಿ.

ಮುಂದಿನ ಬೆಳೆಗೆ ಮುಯ್ಯಿ ಹೊಸದಾಗಿ ಕೂಡಿಸಬೇಕಲ್ಲ. ಭಾಗ್ಯಳ ಕೈ ಇನ್ನೂ ಬಲಗೊಂಡಿರಲಿಲ್ಲವಾದ್ದರಿಂದ ಮನೆಮನೆಗೆ ಹುಳು ಆರಿಸಲು ನಾನೇ ಹೋಗಬೇಕಾಯಿತು. ಮೊದಲ ಕರೆ ಬಂದದ್ದು ಕೆಂಪಮ್ಮನ ಮನೆಯಿಂದ. ಹೋದರೆ, ಅಂಗಳದಲ್ಲಿ ಹೆಂಗಸರು ಆಗಲೇ ಸೆರಗು ಬಿಗಿಯುತ್ತಿದ್ದಾರೆ, ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತಿದ್ದಾಳೆ.

"ಒಸಿ ತಡೀರೇ. ಲೋ ಮೇಷ್ಟ್ರೇ, ಒಳಕ್ಕೋಗಿ ನೋಡು, ಇವತ್ತೋ ನಾಳೆಯೋ."

"ನಾನಾ ದೊಡ್ಡವ್ವ? ನನ್ನ ಮಾತು ಯಾಕೆ?"

"ನಿನ್ನಷ್ಟು ಪುಕ್ಲ ಈ ಹೋಬ್ಳೀಲಿಲ್ಲ. ನೀನೇ ಇವತ್ತು ಬ್ಯಾಡ ಅಂದ್ರೆ ನಾವೆಲ್ಲ ನೆಮ್ದಿಯಾಗಿ ಮನೇಗೋಗ್‌ಬೌದು ಕಣ್ಲಾ."

ಸುಣ್ಣ ತುಳಿದು ಒಳಗೆ ಹೋದೆ. ಮೂಲೆಯಲ್ಲಿ ಹತ್ತು ಹನ್ನೆರಡು ಹುಳು ಜೇನಿನ ಬಣ್ಣಕ್ಕೆ ತಿರುಗಿ ತಲೆ ತೂಗುತ್ತಿದ್ದವು. "ಬನ್ನಿ, ಎಲ್ಲರೂ ಬನ್ನಿ" ಎಂದು ಕೂಗಲು ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟವನು ಮತ್ತೆ ತಿರುಗಿದೆ. ಉಳಿದವುಗಳ ಕಡೆ ನೋಡಿದೆ. ಮೈ ಇನ್ನೂ ಬೆಳ್ಳಗಿತ್ತು, ಬಾಯಿ ಸೊಪ್ಪಿನ ಮೇಲಿತ್ತು. ಆ ಬಣ್ಣವನ್ನು ನಾನು ಬಲ್ಲೆ. ಹೊರಗೆ ಬಂದು, ಸಾಧ್ಯವಾದಷ್ಟು ಮೇಷ್ಟರ ದನಿಯಲ್ಲಿ, "ನಾಳೆ ಮಧ್ಯಾಹ್ನ" ಅಂದೆ. ಹೆಂಗಸರು ಬಿಗಿದ ಸೆರಗನ್ನು ಸಡಿಲಿಸಿಕೊಂಡು ಹೊರಟುಹೋದರು. ಹಿಂದಕ್ಕೆ ಕರೆಯೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು.

ಮನೆಗೆ ಬಂದರೆ ಭಾಗ್ಯ ಮುದ್ದೆ ಕಟ್ಟುತ್ತಿದ್ದಳು.

"ಏನಂದ್ರಿ?"

"ನಾಳೆ ಅಂದೆ."

"ಸರಿಯಾಗಂದಿದ್ದೀರಿ."

"ನೀನು ಹುಳಾನೇ ನೋಡಿಲ್ಲವಲ್ಲೇ!"

"ನಿಮ್ಮುನ್ನ ನೋಡಿದ್ದೀನಲ್ಲ" ಅಂದಳು. "ನೀವು ನಾಳೆ ಅಂದಿದ್ದೀರಿ ಅಂದ್ರೆ, ನಾಡಿದ್ದಾದ್ರೂ ಆಯ್ತದೆ ಬುಡಿ. ಕೂತ್ಕೊಳಿ ಊಟಕ್ಕೆ."

ಕೂತೆ. ಬಿಸಿ ಮುದ್ದೆಯನ್ನು ಒಂದು ಸಲವೂ ಎದ್ದುಹೋಗದೆ ಪೂರ್ತಿ ಉಂಡೆ. ಕೈ ತೊಳೆದ ಮೇಲೆ ಮಾತ್ರ, ಸುಮ್ಮನೆ ಅಡ್ಡಾಡಿ ಬರುತ್ತೇನೆಂದು ಹೇಳಿ, ಕೆಂಪಮ್ಮನ ಮನೆಯ ಕಡೆ ಹೊರಟೆ.